ಲಾಗ್ ಸರ್ವರ್ ನಿಂತರೆ ಅಪ್ಲಿಕೇಶನ್ ಯಾಕೆ ನಿಲ್ಲಬೇಕು?

ಲಾಗ್ (ಪ್ರೋಗ್ರಾಮ್ ಓಡುವಾಗ ಏನೇನಾಯಿತು ಎಂಬ ದಾಖಲೆ) ಬರೆಯುವ ಸಾಲಿನಷ್ಟು ಸಾಧು ಸಾಲು ಪ್ರೋಗ್ರಾಮಿನಲ್ಲಿ ಇನ್ನೊಂದಿಲ್ಲ ಎನಿಸುತ್ತದೆ. ಅದು ಲೆಕ್ಕ ಬದಲಿಸುವುದಿಲ್ಲ, ಡೇಟಾಬೇಸ್ ಮುಟ್ಟುವುದಿಲ್ಲ, ಬಳಕೆದಾರರ ಕಣ್ಣಿಗೆ ಬೀಳುವುದೂ ಇಲ್ಲ. ಅದೇ ಯಂತ್ರದ ಕಡತಕ್ಕೆ ಬರೆಯುತ್ತಿರುವ ತನಕ ಈ ನಂಬಿಕೆ ಬಹುಮಟ್ಟಿಗೆ ಸರಿ. ಆದರೆ ಬೇರೊಂದು ಯಂತ್ರದಲ್ಲಿರುವ ಲಾಗ್ ಸರ್ವರ್‌ಗೆ ಸಾಕೆಟ್ (ಪ್ರೋಗ್ರಾಮ್ ನೆಟ್‌ವರ್ಕಿಗೆ ಬರೆಯುವ, ಅಲ್ಲಿಂದ ಓದುವ ಬಾಗಿಲು) ಮೂಲಕ ಕಳಿಸತೊಡಗಿದ ಮೇಲೆ ಕೋಡಿನ ಮೂಲೆಮೂಲೆಯಲ್ಲೂ ಒಂದೊಂದು ನೆಟ್‌ವರ್ಕ್ ಕರೆ ಬಂದು ಕೂತಂತಾಗುತ್ತದೆ. ಆ ಕರೆ ತಡವಾಗಬಹುದು, ಸೋಲಬಹುದು, ಸೋತದ್ದನ್ನು ಹೇಳದೆ ಸುಮ್ಮನಿದ್ದುಬಿಡಬಹುದು.

ಹಾಗಾಗಿ ಯಾವ ಪ್ರೋಟೊಕಾಲ್, ಯಾವ ಲೈಬ್ರರಿ ಎಂದು ಹುಡುಕುವ ಮುಂಚೆ ಒಂದು ಪ್ರಶ್ನೆ ಇತ್ಯರ್ಥವಾಗಬೇಕು: ಸಂದೇಶ ತಲುಪಿಸಲಾಗದ ಹೊತ್ತಿನಲ್ಲಿ ಏನು ಮಾಡುವುದು? ದಾರಿಗಳು ಮೂರೇ. ಸಂದೇಶವನ್ನು ಕೈಬಿಡಬಹುದು, ದಾರಿ ತೆರೆಯುವ ತನಕ ಕಾಯಬಹುದು, ಇಲ್ಲವೇ ಎಲ್ಲಾದರೂ ಕೂಡಿಡಬಹುದು. ನೀವು ಆರಿಸದಿದ್ದರೆ ಲೈಬ್ರರಿಯೋ ಕರ್ನಲ್ಲೋ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಿಮ್ಮ ಪರವಾಗಿ ಆರಿಸಿರುತ್ತದೆ, ಆ ಆಯ್ಕೆ ಏನೆಂಬುದು ಸರ್ವರ್ ಕೆಟ್ಟ ದಿನವೇ ಗೊತ್ತಾಗುತ್ತದೆ. ಮುಂದೆ ಬರುವ ವಿವರಗಳೆಲ್ಲ ಈ ಮೂರರಲ್ಲಿ ಯಾವುದು ಎಲ್ಲಿ ನಡೆಯುತ್ತದೆ ಎಂಬುದರ ಸುತ್ತಲೇ ಇವೆ.

ಯುಡಿಪಿ: ಕಳಿಸಿ ಮರೆಯುವ ದಾರಿ

ಲಾಗ್ ಕಳಿಸಲು ಯುನಿಕ್ಸ್ ಜಗತ್ತಿನ ಹಳೆಯ ರೂಢಿ ಸಿಸ್‌ಲಾಗ್. 1980ರ ದಶಕದಲ್ಲಿ ಎರಿಕ್ ಆಲ್ಮನ್ ಇದನ್ನು ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶದ ಯೋಜನೆಗಾಗಿ ಬರೆದರು. ನಂತರ ಅದು ರೂಟರ್‌ಗಳಿಂದ ಹಿಡಿದು ಪ್ರಿಂಟರ್‌ಗಳವರೆಗೆ ಎಲ್ಲ ಕಡೆ ಹರಡಿತು. ನೆಟ್‌ವರ್ಕ್ ಮೇಲೆ ಅದರ ಸಾಂಪ್ರದಾಯಿಕ ವಿಳಾಸ ಯುಡಿಪಿ (ತಲುಪಿತೇ ಎಂದು ನೋಡದೆ ಪ್ಯಾಕೆಟ್ ಕಳಿಸುವ ಪ್ರೋಟೊಕಾಲ್) ಪೋರ್ಟ್ 514. ಬಹಳ ಕಾಲ ಇದಕ್ಕೆ ಲಿಖಿತ ನಿಯಮವೇ ಇರಲಿಲ್ಲ. 2001ರ ಆರ್‌ಎಫ್‌ಸಿ 3164 (ಆರ್‌ಎಫ್‌ಸಿ ಎಂದರೆ ಅಂತರ್ಜಾಲದ ತಾಂತ್ರಿಕ ದಾಖಲೆ) ಅಲ್ಲಿಯವರೆಗಿನ ರೂಢಿಯನ್ನು ಬರೆದಿಟ್ಟಿತಷ್ಟೇ. ಕಟ್ಟುನಿಟ್ಟಾದ ವಿನ್ಯಾಸ ಬಂದದ್ದು 2009ರ ಆರ್‌ಎಫ್‌ಸಿ 5424ರಲ್ಲಿ.

ಸಿಸ್‌ಲಾಗ್ ಸಂದೇಶದ ಮೊದಲಿಗೆ ಕೋನಾವರಣದಲ್ಲಿ ಒಂದು ಸಂಖ್ಯೆ ಇರುತ್ತದೆ, ಉದಾಹರಣೆಗೆ <131>. ಸಂದೇಶ ಯಾವ ವಿಭಾಗದ್ದು, ಎಷ್ಟು ಗಂಭೀರ ಎಂಬ ಎರಡೂ ಇದರಲ್ಲೇ ಅಡಗಿವೆ: ವಿಭಾಗದ ಸಂಖ್ಯೆಯನ್ನು 8ರಿಂದ ಗುಣಿಸಿ ಗಂಭೀರತೆಯ ಅಂಕಿಯನ್ನು ಕೂಡಿಸಿದರೆ ಈ ಸಂಖ್ಯೆ. ಅಪ್ಲಿಕೇಶನ್‌ಗಳು ಸಾಮಾನ್ಯವಾಗಿ ಬಳಸುವ ‘ಲೋಕಲ್ 0’ ವಿಭಾಗದ ಸಂಖ್ಯೆ 16. ಗಂಭೀರತೆ 0ರಿಂದ 7ರವರೆಗೆ, 0 ಎಂದರೆ ತುರ್ತು, 3 ದೋಷ, 6 ಮಾಹಿತಿ, 7 ಡೀಬಗ್. ಆದ್ದರಿಂದ 16 × 8 + 3 = 131 ಎಂದರೆ ‘ಲೋಕಲ್ 0’ದ ದೋಷ; ಅದೇ ವಿಭಾಗದ ಮಾಹಿತಿ ಸಂದೇಶ 134. ಅಂಕಿ ಚಿಕ್ಕದಾದಷ್ಟೂ ಗಂಡಾಂತರ ದೊಡ್ಡದು. ಹೊಸಬರು ಬರೆದ ಸೋಸುವ ನಿಯಮಗಳಲ್ಲಿ ಇದೇ ತಿರುವುಮುರುವಾಗಿರುತ್ತದೆ.

ಯುಡಿಪಿಯ ದೊಡ್ಡ ಗುಣ ಕಾಯದಿರುವುದು. ಪ್ಯಾಕೆಟ್ಟನ್ನು ಕರ್ನಲ್‌ಗೆ ಒಪ್ಪಿಸಿದ ಕೂಡಲೇ ಕರೆ ಮರಳುತ್ತದೆ. ಒಂದು ಪ್ಯಾಕೆಟ್ಟಿಗೆ ಒಂದೇ ಸಂದೇಶ, ಎಲ್ಲಿ ಮುಗಿಯಿತು ಎಂಬ ಗೊಂದಲವಿಲ್ಲ. ಇದಕ್ಕೆ ತೆರುವ ಬೆಲೆ ಸಂದೇಶ ಕಳೆದುಹೋಗುವುದು, ಅದೂ ಯಾರಿಗೂ ತಿಳಿಯದ ಹಾಗೆ.

ಕಳೆದುಹೋಗುವುದು ದಾರಿಯಲ್ಲಿ ಎಂದು ಹಲವರು ಭಾವಿಸುತ್ತಾರೆ. ಒಂದೇ ಕಟ್ಟಡದ ಜಾಲದಲ್ಲಿ ದಾರಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಸಂದೇಶಗಳು ಸಾಯುವುದು ತಲುಪಿದ ಮೇಲೆ. ಲಿನಕ್ಸ್‌ನಲ್ಲಿ ಒಂದು ಯುಡಿಪಿ ಸಾಕೆಟ್ಟಿನ ಸ್ವೀಕಾರ ಬಫರ್ (ಪ್ರೋಗ್ರಾಮ್ ಓದುವ ತನಕ ಸಂದೇಶಗಳು ತಂಗುವ ಜಾಗ) ಸಾಮಾನ್ಯವಾಗಿ 212992 ಬೈಟ್, ಅಂದರೆ 208 ಕೆಬಿ. ಪ್ರತಿ ಪ್ಯಾಕೆಟ್ಟಿಗೆ ಕರ್ನಲ್ ಇಟ್ಟುಕೊಳ್ಳುವ ಹೆಚ್ಚುವರಿ ಜಾಗವೂ ಇದರಲ್ಲೇ ಎಣಿಕೆಯಾಗುವುದರಿಂದ ಚಿಕ್ಕ ಸಂದೇಶಗಳು ನೀವು ಲೆಕ್ಕ ಹಾಕಿದಷ್ಟು ಹಿಡಿಯುವುದಿಲ್ಲ. ಲಾಗ್ ಸರ್ವರ್ ಡಿಸ್ಕಿಗೆ ಬರೆಯುತ್ತಾ ಒಂದು ಕ್ಷಣ ತಡವರಿಸಿದರೂ ಬಫರ್ ತುಂಬಿ, ಮುಂದೆ ಬಂದದ್ದೆಲ್ಲ ನೇರ ಕಸಕ್ಕೆ. ಇದನ್ನು ಸರ್ವರ್ ಕಡೆ ‘ನೆಟ್‌ಸ್ಟಾಟ್’ ಆದೇಶ ತೋರಿಸುವ ಯುಡಿಪಿ ಅಂಕಿಅಂಶಗಳಲ್ಲಿ ‘ರಿಸೀವ್ ಬಫರ್ ಎರರ್ಸ್’ ಎಂಬ ಸಾಲಿನಲ್ಲಿ ನೋಡಬಹುದು. ಆ ಅಂಕಿ ಏರುತ್ತಿದ್ದರೆ ಕಳಿಸುವ ಕಡೆ ಏನು ತಿದ್ದಿದರೂ ಪ್ರಯೋಜನವಿಲ್ಲ.

ಎರಡನೆಯದು ಗಾತ್ರ. ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ಟಿನ ಮಿತಿ ಸಾಮಾನ್ಯವಾಗಿ 1500 ಬೈಟ್. ಐಪಿ ಶೀರ್ಷಿಕೆಗೆ 20, ಯುಡಿಪಿ ಶೀರ್ಷಿಕೆಗೆ 8 ಕಳೆದರೆ ನಿಮಗೆ ಸಿಗುವುದು 1472. ಅದಕ್ಕಿಂತ ದೊಡ್ಡ ಸಂದೇಶ ತುಂಡಾಗಿ ಹೋಗುತ್ತದೆ, ಒಂದು ತುಂಡು ಕಳೆದರೂ ಇಡೀ ಸಂದೇಶ ಹೋದಂತೆ. ಉದ್ದದ ಸ್ಟ್ಯಾಕ್ ಟ್ರೇಸ್ (ದೋಷ ಬಂದ ಹೊತ್ತಿಗೆ ನಡೆಯುತ್ತಿದ್ದ ಕರೆಗಳ ಪಟ್ಟಿ) ಇರುವ ದೋಷ ಸಂದೇಶಗಳೇ ದೊಡ್ಡವು. ಹೀಗಾಗಿ ಬೇಕಾದದ್ದೇ ಮೊದಲು ಕಳೆದುಹೋಗುತ್ತದೆ. ಗ್ರೇಲಾಗ್ ಎಂಬ ಲಾಗ್ ಸರ್ವರ್‌ನ ‘ಗೆಲ್ಫ್’ ಸಂದೇಶ ವಿನ್ಯಾಸ ದೊಡ್ಡ ಸಂದೇಶವನ್ನು ತಾನೇ 128 ತುಂಡುಗಳವರೆಗೆ ಹೋಳು ಮಾಡುತ್ತದೆ, ಆದರೆ ಅಲ್ಲೂ ಎಲ್ಲ ತುಂಡುಗಳು 5 ಸೆಕೆಂಡ್ ಒಳಗೆ ಸೇರಬೇಕು, ಇಲ್ಲವಾದರೆ ಬಂದಷ್ಟನ್ನೂ ಎಸೆಯುತ್ತದೆ.

ಯುಡಿಪಿ ಎಂದೂ ಕಾಯುವುದಿಲ್ಲ ಎಂಬ ಮಾತಿಗೆ ಒಂದು ತೂತಿದೆ: ಯಂತ್ರದ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್. ಪೈಥಾನ್ ಭಾಷೆಯಲ್ಲಿ ಲಾಗ್ ಸಾಗಿಸುವ ಸಿಸ್‌ಲಾಗ್ ಹ್ಯಾಂಡ್ಲರ್‌ಗೆ ಸರ್ವರ್ ವಿಳಾಸವನ್ನು ಹೆಸರಿನ ರೂಪದಲ್ಲಿ ಕೊಟ್ಟರೆ ಯುಡಿಪಿಯಲ್ಲಿ ಪ್ರತಿ ಸಂದೇಶಕ್ಕೂ ಆ ಹೆಸರನ್ನು ಹೊಸದಾಗಿ ಹುಡುಕಿಸುತ್ತದೆ. ಲಿನಕ್ಸ್‌ನಲ್ಲಿ ಡಿಎನ್‌ಎಸ್ ಉತ್ತರಿಸದಿದ್ದರೆ ಪೂರ್ವನಿಯೋಜಿತ ಕಾಯುವಿಕೆ 5 ಸೆಕೆಂಡ್, ಅದೂ ಎರಡು ಬಾರಿ. ಲಾಗ್ ಸರ್ವರ್ ಗಟ್ಟಿಮುಟ್ಟಾಗಿದ್ದರೂ ಡಿಎನ್‌ಎಸ್ ಮುಗ್ಗರಿಸಿದ ಮಾತ್ರಕ್ಕೆ ಒಂದೊಂದು ಲಾಗ್ ಸಾಲೂ ಸೆಕೆಂಡುಗಟ್ಟಲೆ ತಡೆಯುತ್ತದೆ. ಯಂತ್ರದಲ್ಲೇ ಡಿಎನ್‌ಎಸ್ ಕ್ಯಾಶ್ ಇಡಿ, ಅಥವಾ ಐಪಿ ವಿಳಾಸವನ್ನೇ ಕೊಡಿ.

ಟಿಸಿಪಿ: ‘ಕಳಿಸಿದೆ’ ಎಂದರೆ ಏನು?

ಕಳೆದುಹೋಗಬಾರದು ಎಂದಾಗ ಎಲ್ಲರೂ ಹೊರಳುವುದು ಟಿಸಿಪಿಗೆ, ಎರಡು ಯಂತ್ರಗಳ ನಡುವೆ ಮೊದಲು ಸಂಪರ್ಕ ಕಟ್ಟಿಕೊಳ್ಳುವ ಪ್ರೋಟೊಕಾಲ್‌ಗೆ. ಅದು ಕ್ರಮ ಕಾಯುತ್ತದೆ, ಕಳೆದ ತುಣುಕನ್ನು ಮತ್ತೆ ಕಳಿಸುತ್ತದೆ. ಇಷ್ಟು ಕೇಳಿ ‘ಟಿಸಿಪಿ ಇದ್ದರೆ ಸಂದೇಶ ಭದ್ರ’ ಎಂದುಕೊಳ್ಳುವುದೇ ಈ ಇಡೀ ವಿಷಯದಲ್ಲಿ ಅತಿ ದುಬಾರಿ ತಪ್ಪು.

ಸಾಕೆಟ್ಟಿಗೆ ಬರೆಯುವ ಕರೆ ಯಶಸ್ವಿಯಾಗಿ ಮರಳಿತು ಎಂದರೆ ಬೈಟ್‌ಗಳು ನಿಮ್ಮದೇ ಯಂತ್ರದ ಕರ್ನಲ್ ಬಫರ್ ಸೇರಿದವು ಎಂದಷ್ಟೇ ಅರ್ಥ. ಎದುರಿನ ಯಂತ್ರಕ್ಕೆ ಹೋದವೇ, ಅಲ್ಲಿನ ಲಾಗ್ ಪ್ರೋಗ್ರಾಮ್ ಓದಿತೇ, ಡಿಸ್ಕಿಗೆ ಬರೆಯಿತೇ ಎಂಬ ಮೂರಕ್ಕೂ ಆ ಯಶಸ್ಸು ಉತ್ತರ ಕೊಡುವುದಿಲ್ಲ. ಟಿಸಿಪಿಯ ಒಳಗಿನ ಸ್ವೀಕೃತಿ ಕೂಡ ಕರ್ನಲ್‌ನಿಂದ ಕರ್ನಲ್‌ಗೆ ಮಾತ್ರ. ಅಪ್ಲಿಕೇಶನ್ನಿಗೆ ಅದು ಕಾಣುವುದಿಲ್ಲ. ಇದರಿಂದ ಬರುವ ತೊಂದರೆಗಳನ್ನು ಬೇರೆಬೇರೆಯಾಗಿಯೇ ನೋಡಬೇಕು, ಏಕೆಂದರೆ ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಲಾಗ್ ಸರ್ವರ್ ಪ್ರೋಗ್ರಾಮನ್ನು ಯಾರೋ ಮರುಪ್ರಾರಂಭ ಮಾಡಿದರು ಎನ್ನಿ. ಅದು ಸಂಪರ್ಕ ಮುಚ್ಚುತ್ತಿದ್ದೇನೆ ಎಂಬ ಸೂಚನೆ ಕಳಿಸುತ್ತದೆ, ನಿಮ್ಮ ಕರ್ನಲ್ ಅದನ್ನು ಪಡೆಯುತ್ತದೆ. ಆದರೆ ಲಾಗ್ ಕಳಿಸುವ ಕೋಡ್ ಬರೆಯುತ್ತದೆಯೇ ಹೊರತು ಓದುವುದಿಲ್ಲವಾದ್ದರಿಂದ ಆ ಸೂಚನೆ ಅದಕ್ಕೆ ತಿಳಿಯುವುದೇ ಇಲ್ಲ. ಮುಂದಿನ ಬರಹ ಯಶಸ್ವಿಯಾಗಿಯೇ ಮರಳುತ್ತದೆ. ಎದುರಿನ ಯಂತ್ರ ‘ಇಂಥ ಸಂಪರ್ಕ ಇಲ್ಲ’ ಎಂದು ತಿರಸ್ಕರಿಸುತ್ತದೆ, ಅದಾದ ಮೇಲಿನ ಬರಹಕ್ಕೆ ಮಾತ್ರ ದೋಷ ಸಿಗುತ್ತದೆ. ನಡುವಿನ ಸಂದೇಶ ಹೋಯಿತು. ಪ್ರತಿ ಮರುಪ್ರಾರಂಭಕ್ಕೂ ಒಂದೆರಡು ಸಾಲು ಮಾಯವಾಗುವ ಕಾರಣ ಇದೇ. ಬರೆಯುವ ಮುನ್ನ ಸಾಕೆಟ್ಟಿನಲ್ಲಿ ಓದಲು ಏನಾದರೂ ಇದೆಯೇ ಎಂದು ತಡೆಯಿಲ್ಲದ ಕರೆಯಿಂದ ನೋಡಿದರೆ ಮುಚ್ಚಿದ ಸುಳಿವು ಸಿಗುತ್ತದೆ. ನಷ್ಟ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಇಲ್ಲೇ ಇನ್ನೊಂದು ಕಂಟಕ: ಮುರಿದ ಸಾಕೆಟ್ಟಿಗೆ ಬರೆದರೆ ‘ಸಿಗ್‌ಪೈಪ್’ ಸಂಕೇತ ಬರುತ್ತದೆ, ಅದನ್ನು ನಿಭಾಯಿಸದಿದ್ದರೆ ಇಡೀ ಪ್ರೋಗ್ರಾಮ್ ಸಾಯುತ್ತದೆ. ಲಾಗ್ ಬರೆಯಲು ಹೋಗಿ ಪ್ರಾಣ ಬಿಟ್ಟಂತೆ.

ಸರ್ವರ್ ಯಂತ್ರದ ವಿದ್ಯುತ್ತೇ ಹೋದರೆ ಅಥವಾ ನಡುವಿನ ಫೈರ್‌ವಾಲ್ ಪ್ಯಾಕೆಟ್ಟುಗಳನ್ನು ನುಂಗತೊಡಗಿದರೆ ಮುಚ್ಚುವ ಸೂಚನೆಯೂ ಬರುವುದಿಲ್ಲ. ನಿಮ್ಮ ಕರ್ನಲ್ ಮತ್ತೆ ಮತ್ತೆ ಕಳಿಸುತ್ತಾ ಹೋಗುತ್ತದೆ; ಲಿನಕ್ಸ್‌ನ ಪೂರ್ವನಿಯೋಜಿತ 15 ಮರುಯತ್ನಗಳಿಗೆ ಸುಮಾರು 15 ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಬರಹಗಳು ಬಫರ್ ತುಂಬುವ ತನಕ ಯಶಸ್ವಿ, ತುಂಬಿದ ಮೇಲೆ ಸ್ತಬ್ಧ. ಕೊನೆಗೆ ಸಂಪರ್ಕ ಮುರಿದಾಗ ಬಫರ್‌ನಲ್ಲಿದ್ದದ್ದೆಲ್ಲ ನಷ್ಟ. ‘ಟಿಸಿಪಿ ಯೂಸರ್ ಟೈಮ್‌ಔಟ್’ ಎಂಬ ಸಾಕೆಟ್ ಆಯ್ಕೆಯನ್ನು 20–30 ಸೆಕೆಂಡಿಗೆ ಇಳಿಸುವುದು ಇದರ ಮದ್ದು.

ಗದ್ದಲವಿಲ್ಲದ ಅಪ್ಲಿಕೇಶನ್‌ಗಳ ಕಥೆ ಬೇರೆ. ಗಂಟೆಗಟ್ಟಲೆ ಒಂದೂ ಸಂದೇಶ ಹೋಗದಿದ್ದರೆ ನಡುವಿನ ಫೈರ್‌ವಾಲ್ ಆ ಸಂಪರ್ಕವನ್ನು ತನ್ನ ಪಟ್ಟಿಯಿಂದ ಸದ್ದಿಲ್ಲದೆ ಅಳಿಸುತ್ತದೆ. ಸುಮ್ಮನಿರುವ ಸಂಪರ್ಕ ಬದುಕಿದೆಯೇ ಎಂದು ಪರೀಕ್ಷಿಸುವ ಕೀಪ್‌ಅಲೈವ್ ಸೌಲಭ್ಯ ಟಿಸಿಪಿಗಿದೆ, ಆದರೆ ಅದನ್ನು ಚಾಲೂ ಮಾಡಬೇಕು; ಮಾಡಿದರೂ ಲಿನಕ್ಸ್‌ನಲ್ಲಿ ಮೊದಲ ಪರೀಕ್ಷೆ ಹೋಗುವುದು 7200 ಸೆಕೆಂಡ್ ಕಳೆದ ಮೇಲೆ, ಎರಡು ಗಂಟೆ! ಅದನ್ನು 60 ಸೆಕೆಂಡಿಗೆ ತನ್ನಿ.

ಎಲ್ಲಕ್ಕಿಂತ ಕಪಟಿ ಮುಂದಿನದು. ಲಾಗ್ ಸರ್ವರ್ ಸತ್ತಿಲ್ಲ, ಬದುಕಿದೆ, ಆದರೆ ಓದುತ್ತಿಲ್ಲ. ಅದರ ಡಿಸ್ಕ್ ತುಂಬಿರಬಹುದು, ಅದರ ಹಿಂದಿನ ಡೇಟಾಬೇಸ್ ಸಿಕ್ಕಿಕೊಂಡಿರಬಹುದು. ಆ ಯಂತ್ರದ ಕರ್ನಲ್ ಮಾತ್ರ ಆರೋಗ್ಯವಾಗಿದ್ದು, ‘ನನ್ನಲ್ಲಿ ಜಾಗವಿಲ್ಲ, ನಿಲ್ಲು’ ಎಂದು ಸೌಜನ್ಯದಿಂದ ಉತ್ತರಿಸುತ್ತಲೇ ಇರುತ್ತದೆ. ಉತ್ತರ ಬರುತ್ತಿರುವುದರಿಂದ ಕೀಪ್‌ಅಲೈವ್‌ಗೂ ಸಂಪರ್ಕ ಸರಿಯಿದ್ದಂತೆಯೇ ಕಾಣುತ್ತದೆ. ನಿಮ್ಮ ಬರಹ ಕಾಯುತ್ತದೆ, ಬರಹ ಮಾಡುತ್ತಿದ್ದ ಥ್ರೆಡ್ (ಪ್ರೋಗ್ರಾಮಿನೊಳಗೆ ಇತರ ಕೆಲಸಗಳ ಜೊತೆಜೊತೆಗೆ ಓಡುವ ಒಂದು ಎಳೆ) ಕಾಯುತ್ತದೆ, ಲಾಗ್ ಲೈಬ್ರರಿಯ ಬೀಗ ಆ ಥ್ರೆಡ್ಡಿನ ಕೈಯಲ್ಲಿ ಇರುವುದರಿಂದ ಲಾಗ್ ಬರೆಯಲು ಬಂದ ಇತರ ಥ್ರೆಡ್‌ಗಳೂ ಸಾಲುಗಟ್ಟುತ್ತವೆ. ಕೆಲವೇ ಹೊತ್ತಿನಲ್ಲಿ ಇಡೀ ಅಪ್ಲಿಕೇಶನ್ ನಿಶ್ಚಲ. ಹೊರಗಿನಿಂದ ನೋಡಿದವರಿಗೆ ಡೇಟಾಬೇಸ್ ತೊಂದರೆಯಂತೆ ಕಾಣುತ್ತದೆ, ಏಕೆ ನಿಂತಿತೆಂದು ಹೇಳುವ ಒಂದು ಸಾಲೂ ಲಾಗ್‌ನಲ್ಲಿ ಇರುವುದಿಲ್ಲ. ಇದಕ್ಕೆ ಉಳಿದಿರುವ ಉಪಾಯ ಬರಹಕ್ಕೇ ಕಾಲಮಿತಿ ಹಾಕುವುದು, ಆ ಬರಹವನ್ನು ಮುಖ್ಯ ಥ್ರೆಡ್‌ಗಳಿಂದ ದೂರ ಇಡುವುದು.

ಕಾಲಮಿತಿ ಹಾಕಿದವರು ಗಮನಿಸಬೇಕಾದ್ದು ಇನ್ನೊಂದು. ಸಂದೇಶದ ಅರ್ಧ ಹೋದ ಮೇಲೆ ಅವಧಿ ಮುಗಿದರೆ ಆ ಸಂಪರ್ಕವನ್ನು ಮುಂದುವರಿಸಬೇಡಿ. ಎಷ್ಟು ಹೋಯಿತೆಂಬ ಲೆಕ್ಕ ನಿಮ್ಮಲ್ಲಿಲ್ಲ. ಮುಂದಿನ ಸಂದೇಶ ಆ ಅರ್ಧಕ್ಕೆ ಅಂಟಿಕೊಳ್ಳುತ್ತದೆ. ಮುಚ್ಚಿ, ಹೊಸದಾಗಿ ತೆರೆಯಿರಿ.

ಸಂದೇಶ ಎಲ್ಲಿ ಮುಗಿಯುತ್ತದೆ?

ಟಿಸಿಪಿಗೆ ಸಂದೇಶ ಎಂಬ ಕಲ್ಪನೆಯೇ ಇಲ್ಲ, ಇರುವುದು ಬೈಟ್‌ಗಳ ಹೊಳೆ. ಮೂರು ಸಲ ಬರೆದದ್ದು ಎದುರಿಗೆ ಒಂದೇ ಓದಿನಲ್ಲಿ ಬರಬಹುದು, ಒಮ್ಮೆ ಬರೆದದ್ದು ಐದು ಓದುಗಳಾಗಬಹುದು. ಗಡಿ ಹಾಕುವ ಹೊಣೆ ನಿಮ್ಮದು.

ಸುಲಭದ ಗಡಿ ಹೊಸಸಾಲಿನ ಚಿಹ್ನೆ. ಆದರೆ ಸ್ಟ್ಯಾಕ್ ಟ್ರೇಸ್‌ನಲ್ಲಿ ನಲವತ್ತು ಸಾಲಿದ್ದರೆ ಅದು ನಲವತ್ತು ಸಂದೇಶವಾಗುತ್ತದೆ. ಬಳಕೆದಾರರು ತುಂಬಿದ ಹೆಸರಿನೊಳಗೆ ಯಾರಾದರೂ ಬೇಕೆಂದೇ ಹೊಸಸಾಲು ತುರುಕಿ, ಅದರ ಮುಂದೆ ನಿಜದಂತೆ ಕಾಣುವ ಲಾಗ್ ಸಾಲು ಬರೆದರೆ ನಿಮ್ಮ ದಾಖಲೆಯಲ್ಲಿ ಸುಳ್ಳು ಸಾಕ್ಷಿ ಹುಟ್ಟಿಕೊಳ್ಳುತ್ತದೆ. ಆರ್‌ಸಿಸ್‌ಲಾಗ್ ಸರ್ವರ್ ಸಂದೇಶದೊಳಗಿನ ಹೊಸಸಾಲನ್ನು #012 ಎಂದು ಬದಲಿಸಿ ಉಳಿಸುತ್ತದೆ. ಲಾಗ್ ತುಂಬಾ ಆ ಅಂಕಿ ಕಂಡರೆ ಗಾಬರಿ ಬೇಡ, ಅದು ಅಷ್ಟಮಾನದಲ್ಲಿ ಹೊಸಸಾಲು. ನೇರ ಪರಿಹಾರವೆಂದರೆ ಒಂದು ಸಂದೇಶಕ್ಕೆ ಒಂದು ಸಾಲಿನ ಜೇಸನ್ (ಹೆಸರು, ಮೌಲ್ಯಗಳ ಜೋಡಿಯಾಗಿ ಮಾಹಿತಿ ಬರೆಯುವ ಪಠ್ಯ ರೂಪ). ಜೇಸನ್ ಬರೆಯುವ ಲೈಬ್ರರಿ ಒಳಗಿನ ಹೊಸಸಾಲನ್ನು ತಾನೇ ಸಂಕೇತವಾಗಿ ಬದಲಿಸುತ್ತದೆ, ಗಡಿ ಕೆಡುವುದಿಲ್ಲ.

ಇನ್ನೊಂದು ವಿಧಾನ ಸಂದೇಶದ ಮುಂದೆ ಅದರ ಉದ್ದವನ್ನು ಬರೆಯುವುದು. ಸಿಸ್‌ಲಾಗ್‌ನ ಟಿಎಲ್‌ಎಸ್ (ಗೂಢಲಿಪೀಕರಿಸಿದ ಸಂಪರ್ಕ) ರೂಪದಲ್ಲಿ ಇದು ಕಡ್ಡಾಯ: ದಶಮಾನ ಸಂಖ್ಯೆ, ಒಂದು ಖಾಲಿ ಜಾಗ, ನಂತರ ಅಷ್ಟು ಬೈಟ್‌ನ ಸಂದೇಶ. ಇಲ್ಲಿ ಎಣಿಸಬೇಕಾದ್ದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಇಂಗ್ಲಿಷ್ ಸಂದೇಶಗಳಲ್ಲಿ ಎರಡೂ ಒಂದೇ ಆದ್ದರಿಂದ ತಪ್ಪು ವರ್ಷಗಟ್ಟಲೆ ಅಡಗಿರುತ್ತದೆ. ‘ದೋಷ’ ಎಂಬ ಪದ ಬಂದ ದಿನ ಬಯಲಾಗುತ್ತದೆ: ಪ್ರೋಗ್ರಾಮಿಗೆ ಅದು ದ, ಓಕಾರದ ಗುರುತು, ಷ ಎಂಬ ಮೂರು ಘಟಕ, ಅಕ್ಷರಗಳನ್ನು ಬೈಟ್‌ಗಳಾಗಿಸುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಘಟಕಕ್ಕೂ 3 ಬೈಟ್, ಒಟ್ಟು 9. ಉದ್ದವನ್ನು 3 ಎಂದು ಬರೆದರೆ ಸರ್ವರ್ ‘ದ’ ಮಾತ್ರ ಓದಿ, ಉಳಿದ 6 ಬೈಟ್‌ಗಳನ್ನು ಮುಂದಿನ ಸಂದೇಶದ ಉದ್ದವೆಂದು ಓದಹೊರಟು ದಿಕ್ಕು ತಪ್ಪುತ್ತದೆ. ಅಲ್ಲಿಂದ ಮುಂದೆ ಆ ಸಂಪರ್ಕದಲ್ಲಿ ಬರುವುದೆಲ್ಲ ಕಲಸುಮೇಲೋಗರ.

ಕತ್ತರಿಸುವಾಗಲೂ ಇದೇ ಎಚ್ಚರ. ಆರ್‌ಎಫ್‌ಸಿ 3164ರ ಮಿತಿ 1024 ಬೈಟ್. ಬರೀ ಕನ್ನಡದ ಪಠ್ಯವನ್ನು 1024ಕ್ಕೆ ಕತ್ತರಿಸಿದರೆ 341 ಘಟಕ ಮುಗಿದು 342ನೆಯದರ ಮೊದಲ ಬೈಟ್ ಮಾತ್ರ ಉಳಿಯುತ್ತದೆ. ಅಂಥ ಮುರುಕು ಬೈಟ್ ಇರುವ ಸಾಲನ್ನು ಕೆಲವು ಜೇಸನ್ ಓದುಗಗಳು ಪೂರ್ತಿಯಾಗಿ ತಿರಸ್ಕರಿಸುತ್ತವೆ. ಆರ್‌ಎಫ್‌ಸಿ 5424ರ ಪ್ರಕಾರ ಸ್ವೀಕರಿಸುವವರು 480 ಬೈಟ್ ಒಪ್ಪಲೇಬೇಕು, 2048 ಒಪ್ಪುವುದು ಒಳ್ಳೆಯದು. ಅದರಾಚೆಗೆ ಸರ್ವರ್‌ನ ಮರ್ಜಿ. ನಿಮ್ಮ ಸರ್ವರ್‌ನ ಮಿತಿ ಎಷ್ಟೆಂದು ನೋಡಿ, ಕಳಿಸುವ ಕಡೆಯಲ್ಲೇ ಸರಿಯಾದ ಗಡಿಯಲ್ಲಿ ಕತ್ತರಿಸಿ, ಕತ್ತರಿಸಿದ್ದೇವೆ ಎಂಬ ಗುರುತನ್ನೂ ಸೇರಿಸಿ.

ನಡುವೆ ಒಂದು ಕ್ಯೂ

ಈಗ ಮೂಲ ಪ್ರಶ್ನೆಗೆ ಬರಬಹುದು. ಕೆಲಸ ಮಾಡುವ ಥ್ರೆಡ್ ನೆಟ್‌ವರ್ಕ್ ಮುಟ್ಟಬಾರದು. ಅದು ಸಂದೇಶವನ್ನು ಮೆಮೊರಿಯ ಕ್ಯೂಗೆ (ಸರದಿ ಸಾಲಿಗೆ) ಹಾಕಿ ತನ್ನ ಪಾಡಿಗೆ ಹೋಗಬೇಕು; ಬೇರೊಂದು ಥ್ರೆಡ್ ಆ ಕ್ಯೂ ಖಾಲಿ ಮಾಡುತ್ತಾ ಸಾಕೆಟ್ಟಿಗೆ ಬರೆಯಬೇಕು. ಪೈಥಾನ್‌ನಲ್ಲಿ ಇದಕ್ಕೆ ‘ಕ್ಯೂ ಹ್ಯಾಂಡ್ಲರ್’, ‘ಕ್ಯೂ ಲಿಸನರ್’ ಜೋಡಿ 3.2ನೇ ಆವೃತ್ತಿಯಿಂದಲೇ ಇದೆ. ಜಾವಾದ ಲಾಗ್ ಲೈಬ್ರರಿಗಳಾದ ಲಾಗ್‌ಬ್ಯಾಕ್, ಲಾಗ್4ಜೆ 2 ಎರಡರಲ್ಲೂ ಇದೇ ಕೆಲಸಕ್ಕೆ ಅಸಿಂಕ್ ಅಪೆಂಡರ್ ಇದೆ.

ಕ್ಯೂಗೆ ಮಿತಿ ಬೇಕೇಬೇಕು. ಮಿತಿಯಿಲ್ಲದ ಕ್ಯೂ ಎಂದರೆ ಲಾಗ್ ಸರ್ವರ್‌ನ ತೊಂದರೆಯನ್ನು ನಿಮ್ಮ ಮೆಮೊರಿಯ ತೊಂದರೆಯಾಗಿ ಮಾರ್ಪಡಿಸುವ ಯಂತ್ರ. ಎಷ್ಟು ಮಿತಿ? ಲೆಕ್ಕ ಹಾಕಿ. ಸೆಕೆಂಡಿಗೆ 2000 ಸಂದೇಶ, ಸರಾಸರಿ 500 ಬೈಟ್ ಎಂದುಕೊಂಡರೆ ಸೆಕೆಂಡಿಗೆ 1 ಎಂಬಿ. 10,000 ಸಂದೇಶದ ಕ್ಯೂ 5 ಸೆಕೆಂಡಿನಲ್ಲಿ ತುಂಬುತ್ತದೆ. ಸರ್ವರ್ ಮರುಪ್ರಾರಂಭಕ್ಕೆ 30 ಸೆಕೆಂಡ್ ಬೇಕಾದರೆ ಕನಿಷ್ಠ 60,000 ಸಂದೇಶದ ಜಾಗ ಬೇಕು, ಅಂದರೆ 30 ಎಂಬಿ. ವಸ್ತುಗಳ ರೂಪದಲ್ಲಿ ಮೆಮೊರಿಯಲ್ಲಿ ಇರುವಾಗ ಅದರ ಹಲವು ಪಟ್ಟು. ಒಂದು ಗಂಟೆ ತಾಳಿಕೊಳ್ಳಬೇಕೆಂದರೆ 3.6 ಜಿಬಿ, ಅದು ಮೆಮೊರಿಯ ಕೆಲಸವಲ್ಲ, ಡಿಸ್ಕಿನದು. ದೋಷದ ಹೊತ್ತಿನಲ್ಲಿ ಲಾಗ್ ಪ್ರಮಾಣ ಹಲವು ಪಟ್ಟು ಏರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಕ್ಯೂ ತುಂಬಿದಾಗ ಯಾವುದನ್ನು ಬಿಡುವುದು? ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮುಕ್ಕಾಲು ಭಾಗ ತುಂಬಿದ ಕೂಡಲೇ ಡೀಬಗ್ ಸಂದೇಶಗಳನ್ನು ನಿಲ್ಲಿಸಿ, ಹತ್ತರಲ್ಲಿ ಒಂಬತ್ತು ಭಾಗ ತುಂಬಿದಾಗ ಮಾಹಿತಿಯನ್ನೂ ನಿಲ್ಲಿಸಿ, ಉಳಿದ ಜಾಗ ಎಚ್ಚರಿಕೆ ಮತ್ತು ದೋಷಗಳಿಗೆ ಮೀಸಲಿರಲಿ. ಲಾಗ್‌ಬ್ಯಾಕ್ ಇದನ್ನು ತನ್ನದೇ ರೀತಿಯಲ್ಲಿ ಮಾಡುತ್ತದೆ: ಕ್ಯೂನಲ್ಲಿ ಶೇ. 20ಕ್ಕಿಂತ ಕಡಿಮೆ ಜಾಗ ಉಳಿದಾಗ ಮಾಹಿತಿ ಮಟ್ಟ ಮತ್ತು ಅದರ ಕೆಳಗಿನವನ್ನು ಬಿಡುತ್ತದೆ. ಆದರೆ ಪೂರ್ತಿ ತುಂಬಿದರೆ ಅದು ಪೂರ್ವನಿಯೋಜಿತವಾಗಿ ಕಾಯುತ್ತದೆ, ಮತ್ತೆ ಮೊದಲಿನ ಹಳ್ಳಕ್ಕೇ ಬಿದ್ದಂತೆ. ‘ನೆವರ್ ಬ್ಲಾಕ್’ ಆಯ್ಕೆಯನ್ನು ನೀವೇ ಚಾಲೂ ಮಾಡಬೇಕು. ಹಣಕಾಸಿನ ಲೆಕ್ಕಪರಿಶೋಧನೆಯ ದಾಖಲೆಯಂತೆ ಒಂದೂ ಕಳೆಯಬಾರದಂಥವು ಇದ್ದರೆ ಅವುಗಳನ್ನು ಲಾಗ್ ಹಾದಿಯಲ್ಲಿ ಕಳಿಸಲೇಬೇಡಿ, ಡೇಟಾಬೇಸ್ ವ್ಯವಹಾರದ ಜೊತೆಗೇ ಬರೆಯಿರಿ.

ಬಿಟ್ಟದ್ದರ ಎಣಿಕೆ ಇಡಿ. ದಾರಿ ತೆರೆದ ಕೂಡಲೇ ‘ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಇಷ್ಟು ಸಂದೇಶ ಬಿಟ್ಟಿದ್ದೇವೆ’ ಎಂಬ ಸಾಲು ಮೊದಲು ಹೋಗಲಿ. ಪೈಥಾನ್‌ನ ಮೂಲ ಸಾಕೆಟ್ ಹ್ಯಾಂಡ್ಲರ್ ಈ ಸೌಜನ್ಯ ತೋರುವುದಿಲ್ಲ: ಸಂಪರ್ಕ ಇಲ್ಲದಾಗ ಬಂದ ಸಂದೇಶಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ಮರುಸಂಪರ್ಕಕ್ಕೆ ಮಾತ್ರ ಅದು ಅನುಸರಿಸುವ ಕ್ರಮ ಒಳ್ಳೆಯದು, ಮೊದಲು 1 ಸೆಕೆಂಡ್, ನಂತರ ಇಮ್ಮಡಿಸುತ್ತಾ ಗರಿಷ್ಠ 30. ಇದಕ್ಕೆ ಒಂದಿಷ್ಟು ಯಾದೃಚ್ಛಿಕ ಅಂತರ ಸೇರಿಸಬೇಕು. ಇಲ್ಲದಿದ್ದರೆ ಸರ್ವರ್ ಎದ್ದ ತಕ್ಷಣ ನೂರಾರು ಅಪ್ಲಿಕೇಶನ್‌ಗಳು ಒಂದೇ ಗಳಿಗೆಯಲ್ಲಿ ಮುಗಿಬಿದ್ದು ಅದನ್ನು ಮತ್ತೆ ಕೆಡವುತ್ತವೆ.

ಹಿನ್ನೆಲೆ ಥ್ರೆಡ್ಡಿಗೆ ಸಂಬಂಧಿಸಿದ ಕೆಲವು ತೊಡಕುಗಳು ಪದೇ ಪದೇ ಕಾಣಸಿಗುತ್ತವೆ. ವೆಬ್ ಸರ್ವರ್‌ಗಳು ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಶುರು ಮಾಡಿ ಅದನ್ನೇ ಫೋರ್ಕ್ ಮಾಡಿ, ಅಂದರೆ ಅದರ ನಕಲು ತೆಗೆದು, ಮಕ್ಕಳನ್ನು ಹುಟ್ಟಿಸುತ್ತವೆ. ಸಾಕೆಟ್ ಮಕ್ಕಳಿಗೂ ಬರುತ್ತದೆ, ಹಿನ್ನೆಲೆ ಥ್ರೆಡ್ ಬರುವುದಿಲ್ಲ. ಹಾಗಾಗಿ ಮಕ್ಕಳ ಕ್ಯೂ ತುಂಬುತ್ತಲೇ ಇರುತ್ತದೆ, ಖಾಲಿ ಮಾಡುವವರಿಲ್ಲ. ಥ್ರೆಡ್ ಇಲ್ಲದೆ ನೇರ ಬರೆಯುವ ವಿನ್ಯಾಸವಾದರೆ ಹಲವು ಪ್ರೋಸೆಸ್‌ಗಳು ಒಂದೇ ಹೊಳೆಗೆ ಬರೆದು ಸಂದೇಶಗಳು ಹೆಣೆದುಕೊಳ್ಳುತ್ತವೆ. ಸಂಪರ್ಕ, ಥ್ರೆಡ್ ಎರಡನ್ನೂ ಫೋರ್ಕ್ ಆದ ಮೇಲೆಯೇ ಆರಂಭಿಸಿ. ಲಾಗ್ ಕಳಿಸುವ ಕೋಡ್ ತನ್ನ ಸೋಲನ್ನು ಅದೇ ಲಾಗ್ ಹಾದಿಯಲ್ಲಿ ವರದಿ ಮಾಡಬಾರದು, ಒಂದು ಸೋಲು ಇನ್ನೊಂದು ಸಂದೇಶವಾಗಿ, ಅದೂ ಸೋತು, ಕೊನೆಯಿಲ್ಲದ ಸುತ್ತಾಗುತ್ತದೆ. ಅಂಥವು ಸ್ಟ್ಯಾಂಡರ್ಡ್ ಎರರ್‌ಗೆ (ದೋಷ ತಿಳಿಸಲೆಂದು ಪ್ರತಿ ಪ್ರೋಗ್ರಾಮಿಗೂ ಇರುವ ಔಟ್‌ಪುಟ್) ಹೋಗಲಿ. ಪ್ರೋಗ್ರಾಮ್ ಮುಗಿಯುವಾಗ ಕ್ಯೂ ಖಾಲಿ ಮಾಡಲು 3–5 ಸೆಕೆಂಡ್ ಕೊಡಿ, ಹೆಚ್ಚು ಬೇಡ; ಕಂಟೇನರ್‌ಗಳನ್ನು (ಪ್ರತ್ಯೇಕ ಕಟ್ಟಿನೊಳಗೆ ಓಡುವ ಪ್ರೋಗ್ರಾಮ್‌ಗಳನ್ನು) ನಡೆಸುವ ಕುಬರ್ನೆಟೀಸ್ ಪೂರ್ವನಿಯೋಜಿತವಾಗಿ 30 ಸೆಕೆಂಡ್ ಕಾದು ಬಲವಂತವಾಗಿ ಕೊಲ್ಲುತ್ತದೆ, ಆ ಅವಧಿಯಲ್ಲಿ ಬೇರೆ ಕೆಲಸಗಳೂ ಮುಗಿಯಬೇಕು. ಪ್ರೋಗ್ರಾಮ್ ಏಕೆ ಸತ್ತಿತೆಂದು ಹೇಳುವ ಕೊನೆಯ ಸಂದೇಶ ಕ್ಯೂನಲ್ಲೇ ಸಾಯುವ ಸಂಭವ ಹೆಚ್ಚು, ಆದ್ದರಿಂದ ಮಾರಕ ದೋಷಗಳನ್ನು ಸ್ಟ್ಯಾಂಡರ್ಡ್ ಎರರ್‌ಗೂ ನೇರವಾಗಿ ಬರೆಯಿರಿ.

ಕೂಡಿಡುವ ಕೆಲಸ ಏಜೆಂಟಿಗೆ

ಇಷ್ಟೆಲ್ಲವನ್ನೂ ಪ್ರತಿ ಅಪ್ಲಿಕೇಶನ್ ಒಳಗೆ ಬರೆಯುವುದಕ್ಕಿಂತ ಅದೇ ಯಂತ್ರದಲ್ಲಿ ಒಂದು ಏಜೆಂಟ್ (ಲಾಗ್ ಸಾಗಿಸುವ ಪ್ರತ್ಯೇಕ ಪ್ರೋಗ್ರಾಮ್) ಇಟ್ಟು ಅದಕ್ಕೆ ವಹಿಸುವುದು ಜಾಣತನ. ಅಪ್ಲಿಕೇಶನ್ ಕಡತಕ್ಕೋ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೋ ಬರೆಯುತ್ತದೆ. ಆರ್‌ಸಿಸ್‌ಲಾಗ್, ಫ್ಲುಯೆಂಟ್ ಬಿಟ್, ಫೈಲ್‌ಬೀಟ್ ಅಥವಾ ವೆಕ್ಟರ್‌ನಂಥ ಏಜೆಂಟ್ ಅದನ್ನು ಓದಿ ಸರ್ವರ್‌ಗೆ ಒಯ್ಯುತ್ತದೆ. ಅಪ್ಲಿಕೇಶನ್ ಸತ್ತರೂ ಕಡತದಲ್ಲಿರುವುದು ಉಳಿಯುತ್ತದೆ. ನೇರ ಸಾಕೆಟ್ ಬೇಕೇಬೇಕೆನ್ನಲು ಗಟ್ಟಿ ಕಾರಣವಿಲ್ಲದಿದ್ದರೆ ಇದನ್ನೇ ಆರಿಸಿ.

ಏಜೆಂಟ್ ಇದ್ದ ಮಾತ್ರಕ್ಕೆ ಡಿಸ್ಕಿನ ಕ್ಯೂ ಇದೆ ಎಂದು ಭಾವಿಸಬೇಡಿ. ಆರ್‌ಸಿಸ್‌ಲಾಗ್‌ನಲ್ಲಿ ಕಳಿಸುವ ಕ್ರಿಯೆಗೆ ಪ್ರತ್ಯೇಕ ಕ್ಯೂ ಕೊಟ್ಟು, ಅದಕ್ಕೆ ಕಡತದ ಹೆಸರು, ಡಿಸ್ಕ್ ಮಿತಿ, ನಿಲ್ಲಿಸುವಾಗ ಉಳಿಸುವ ಆಯ್ಕೆ, ಇವನ್ನೆಲ್ಲ ಬರೆಯಬೇಕು. ಮರುಯತ್ನದ ಎಣಿಕೆಯನ್ನು -1 ಮಾಡಿದರೆ ಮಾತ್ರ ಬಿಡದೆ ಯತ್ನಿಸುತ್ತದೆ. ಕಂಟೇನರ್‌ಗಳಲ್ಲೂ ಹೀಗೆಯೇ. ಡಾಕರ್‌ನ ಲಾಗ್ ಸಾಗಣೆ ಪೂರ್ವನಿಯೋಜಿತವಾಗಿ ಕಾಯುವ ಬಗೆಯದು: ಲಾಗ್ ಡ್ರೈವರ್ ಸಿಕ್ಕಿಕೊಂಡರೆ ಅಪ್ಲಿಕೇಶನ್‌ನ ಔಟ್‌ಪುಟ್ ಬರಹವೂ ನಿಲ್ಲುತ್ತದೆ. ಕಾಯದ ಬಗೆಗೆ ಬದಲಿಸಿದರೆ 1 ಎಂಬಿ ಬಫರ್ ಸಿಗುತ್ತದೆ, ತುಂಬಿದ ಮೇಲೆ ನಷ್ಟ. ಮಾಮೂಲಿ ಜೇಸನ್ ಕಡತದ ಡ್ರೈವರ್‌ಗೆ ಗಾತ್ರದ ಮಿತಿ ಹಾಕದಿದ್ದರೆ ಅದು ಡಿಸ್ಕ್ ತುಂಬುವ ತನಕ ಬೆಳೆಯುತ್ತದೆ.

ಏಜೆಂಟಿನಿಂದ ಸರ್ವರ್‌ವರೆಗಿನ ದಾರಿಯಲ್ಲಿ ಟಿಸಿಪಿಯ ‘ಕಳಿಸಿದೆ’ ಸಾಲದು, ‘ಪಡೆದೆ’ ಎಂಬ ಮಾತು ಬೇಕು. ಆರ್‌ಸಿಸ್‌ಲಾಗ್‌ನವರ ರೆಲ್ಪ್, ಫೈಲ್‌ಬೀಟ್ ಸೇರಿದ ಬೀಟ್ಸ್ ಬಳಗ ಬಳಸುವ ಲಂಬರ್‌ಜ್ಯಾಕ್, ಫ್ಲುಯೆಂಟ್‌ಡಿಯ ಫಾರ್ವರ್ಡ್ ಪ್ರೋಟೊಕಾಲ್, ಎಚ್‌ಟಿಟಿಪಿ ಮೇಲಿನ ಓಪನ್ ಟೆಲಿಮೆಟ್ರಿ ಎಲ್ಲವೂ ಇದನ್ನು ಕೊಡಬಲ್ಲವು. ಫಾರ್ವರ್ಡ್‌ನಲ್ಲಿ ಸ್ವೀಕೃತಿ ಬೇಕೆಂದು ನೀವೇ ಕೇಳಬೇಕು. ಸ್ವೀಕೃತಿ ಇದ್ದಲ್ಲಿ ಪುನರಾವೃತ್ತಿ ತಪ್ಪಿದ್ದಲ್ಲ: ಸರ್ವರ್ ಬರೆದಿಟ್ಟು ಕೊಟ್ಟ ಉತ್ತರ ದಾರಿಯಲ್ಲಿ ಕಳೆದರೆ ಏಜೆಂಟ್ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ. ಯಂತ್ರದ ಹೆಸರು, ಪ್ರೋಸೆಸ್ ಆರಂಭವಾದ ಸಮಯ, ಏರುವ ಕ್ರಮಸಂಖ್ಯೆ, ಈ ಮೂರನ್ನು ಸಂದೇಶದಲ್ಲಿ ಇಟ್ಟರೆ ಎರಡು ಬಾರಿ ಬಂದದ್ದನ್ನು ಗುರುತಿಸಬಹುದು, ಸಂಖ್ಯೆಗಳ ನಡುವೆ ಅಂತರ ಕಂಡರೆ ಕಳೆದದ್ದೂ ತಿಳಿಯುತ್ತದೆ. ಸಮಯವನ್ನು ಘಟನೆ ನಡೆದಲ್ಲೇ, ಕಾಲವಲಯದ ಸಮೇತ ಬರೆಯಿರಿ. ಆರ್‌ಎಫ್‌ಸಿ 3164ರ ಸಮಯದಲ್ಲಿ ವರ್ಷವೂ ಇಲ್ಲ, ವಲಯವೂ ಇಲ್ಲ. ಡಿಸ್ಕಿನ ಕ್ಯೂನಲ್ಲಿ ಉಳಿದು ತಡವಾಗಿ ಬಂದ ಡಿಸೆಂಬರ್‌ನ ಸಾಲು ಮುಂದಿನ ಡಿಸೆಂಬರ್‌ಗೆ ಸೇರಿಬಿಡಬಹುದು.

ಸುರಕ್ಷತೆಯ ಮಾತು ಚುಟುಕಾಗಿ. ಸರಳ ಸಿಸ್‌ಲಾಗ್ ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನೂ ನಕಲು ಮಾಡಬಹುದು. ಟಿಎಲ್‌ಎಸ್ ಇರುವ ಸಿಸ್‌ಲಾಗ್‌ನ ಪೋರ್ಟ್ 6514. ಎರಡೂ ಕಡೆಯ ಪ್ರಮಾಣಪತ್ರ ಪರಿಶೀಲಿಸಿ, ಅವುಗಳ ಅವಧಿ ಮುಗಿಯುವ ದಿನಕ್ಕೆ ಎಚ್ಚರಿಕೆ ಇಡಿ. ಪಾಸ್‌ವರ್ಡ್, ಟೋಕನ್‌ಗಳನ್ನು ಕ್ಯೂ ಸೇರುವ ಮುನ್ನವೇ ಅಳಿಸಿ. ಭಾಷೆಯ ವಸ್ತುಗಳನ್ನೇ ಕಟ್ಟಿ ಕಳಿಸುವ ವಿಧಾನದಿಂದ ದೂರವಿರಿ: ಪೈಥಾನ್‌ನ ಸಾಕೆಟ್ ಹ್ಯಾಂಡ್ಲರ್ ಪಿಕಲ್ ಎಂಬ ಅಂಥದ್ದೇ ಕಟ್ಟಿನ ರೂಪದಲ್ಲಿ ಕಳಿಸುತ್ತದೆ, ಅದನ್ನು ಬಿಚ್ಚುವ ಸರ್ವರ್‌ಗೆ ಯಾರಾದರೂ ಕುತಂತ್ರದ ಪಿಕಲ್ ಕಳಿಸಿದರೆ ಅವರ ಕೋಡ್ ನಿಮ್ಮ ಸರ್ವರ್‌ನಲ್ಲಿ ಓಡುತ್ತದೆ. ಜಾವಾದ ಲಾಗ್4ಜೆ 2ರ ಸಾಕೆಟ್ ಸರ್ವರ್‌ನಲ್ಲಿ ಸಿವಿಇ-2017-5645 ಎಂಬ ಭದ್ರತಾ ದೋಷ ಹುಟ್ಟಿದ್ದು ಇದೇ ಬಗೆಯ ಬಿಚ್ಚುವಿಕೆಯಿಂದ. ಜೇಸನ್ ಸಾಕು.

ಕೆಡಿಸಿ ನೋಡುವುದು

ಈ ವ್ಯವಸ್ಥೆ ಸರಿಯಿದೆಯೇ ಎಂದು ತಿಳಿಯಲು ಸಂದೇಶ ತಲುಪುತ್ತಿರುವುದನ್ನು ನೋಡಿದರೆ ಸಾಲದು. ಪರೀಕ್ಷಾ ಯಂತ್ರಗಳಲ್ಲಿ ಮಾಮೂಲಿ ಹೊರೆ ಹಾಕಿ, ಕ್ರಮಸಂಖ್ಯೆ ಇರುವ ಸಂದೇಶಗಳನ್ನು ಹರಿಯಬಿಟ್ಟು, ಒಂದೊಂದಾಗಿ ಕೆಡಿಸಿ. ಲಾಗ್ ಸರ್ವರ್ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿ. ಎಷ್ಟು ಸಂಖ್ಯೆ ತಪ್ಪಿವೆ ನೋಡಿ. ಫೈರ್‌ವಾಲ್‌ನಲ್ಲಿ ಆ ಪೋರ್ಟಿನ ಪ್ಯಾಕೆಟ್ಟುಗಳನ್ನು ಉತ್ತರ ಕೊಡದೆ ನುಂಗುವಂತೆ ಮಾಡಿ 20 ನಿಮಿಷ ಬಿಡಿ, ಕರ್ನಲ್‌ನ 15 ನಿಮಿಷ ದಾಟಬೇಕು. ಡಿಎನ್‌ಎಸ್ ಸರ್ವರ್ ವಿಳಾಸವನ್ನು ಉತ್ತರಿಸದ ಯಂತ್ರವೊಂದಕ್ಕೆ ತಿರುಗಿಸಿ. ಕೊನೆಗೆ ಲಾಗ್ ಸರ್ವರ್ ಪ್ರೋಸೆಸ್‌ಗೆ ‘ಸಿಗ್‌ಸ್ಟಾಪ್’ ಸಂಕೇತ ಕಳಿಸಿ ಹೆಪ್ಪುಗಟ್ಟಿಸಿ: ಸಂಪರ್ಕ ಜೀವಂತ, ಓದು ಮಾತ್ರ ಇಲ್ಲ. ಹೆಚ್ಚಿನ ವ್ಯವಸ್ಥೆಗಳು ಮುಗ್ಗರಿಸುವುದು ಇಲ್ಲೇ.

ಪ್ರತಿ ಪರೀಕ್ಷೆಯಲ್ಲೂ ಅಳೆಯಬೇಕಾದ್ದು ಅಪ್ಲಿಕೇಶನ್‌ನ ಪ್ರತಿಕ್ರಿಯೆಯ ಸಮಯ, ಮೆಮೊರಿ, ಕ್ಯೂನ ಉದ್ದ, ಬಿಟ್ಟ ಸಂದೇಶಗಳ ಎಣಿಕೆ. ಪ್ರತಿಕ್ರಿಯೆಯ ಸಮಯ ಅಲುಗಾಡಿದರೆ ಎಲ್ಲೋ ಒಂದು ಥ್ರೆಡ್ ಇನ್ನೂ ನೇರವಾಗಿ ಸಾಕೆಟ್ ಮುಟ್ಟುತ್ತಿದೆ. ಆ ಗಳಿಗೆಯಲ್ಲಿ ಥ್ರೆಡ್‌ಗಳ ಸ್ಟ್ಯಾಕ್ ತೆಗೆದರೆ ಯಾವುದೆಂದು ತೋರುತ್ತದೆ. ತಪ್ಪಿದ ಸಂಖ್ಯೆಗಳು ಬಿಟ್ಟದ್ದರ ಎಣಿಕೆಗಿಂತ ಹೆಚ್ಚಿದ್ದರೆ ಆ ವ್ಯತ್ಯಾಸ ಕರ್ನಲ್ ಬಫರ್‌ನಲ್ಲಿ ಸತ್ತವು. ಅಲ್ಲಿ ಸ್ವೀಕೃತಿ ಇರುವ ಪ್ರೋಟೊಕಾಲ್ ಬೇಕು. ನಂತರ ನಿಜ ಬಳಕೆಯಲ್ಲಿ ಪ್ರತಿ ಅಪ್ಲಿಕೇಶನ್‌ನಿಂದ ನಿಮಿಷಕ್ಕೊಂದು ನಾಡಿಮಿಡಿತದ ಸಂದೇಶ ಹೋಗಲಿ, ಮೂರು ನಿಮಿಷ ಬಾರದಿದ್ದರೆ ಲಾಗ್ ಸರ್ವರ್ ಅಲ್ಲದ ಬೇರೊಂದು ವ್ಯವಸ್ಥೆ ಎಚ್ಚರಿಸಲಿ.